ಅಳಿಸಿದವನೂ ನಾನೇ, ಹುಡುಕಿದವನೂ ನಾನೇ!

ಪ್ರತಿಸಲ ತಾರೆಯರ ಸುದ್ದಿ ಹೊತ್ತು ತರುವ ನಾನು ಈ ವಾರ ನನ್ನದೇ ಪೆದ್ದತನದ ಕಥೆ ಹೇಳುತ್ತೇನೆ, ಓದುಗರೇ. ಪಿಯುಸಿ ಅರ್ಧಕ್ಕೆ ಬಿಟ್ಟವನು ಕಂಪ್ಯೂಟರಿಗೆ ಕೈ ಹಾಕಿದರೆ ಇನ್ನೇನಾದೀತು ಎಂದು ನಗುವವರು ನಗಲಿ!

ನಮ್ಮೂರು ಮಹಾಗಾಂವ. ಕಲಬುರಗಿಯಲ್ಲಿ ಹುಮನಾಬಾದ ಬಸ್ಸು ಹತ್ತಿದರೆ ಕಮಲಾಪುರಕ್ಕೂ ಮೊದಲೇ ನಮ್ಮ ಕ್ರಾಸು. ಅಲ್ಲಿಳಿದು ಯಾರನ್ನು ಕೇಳಿದರೂ 'ಆಪರೇಟರ್ ಕಾಕಾ'ನ ಮನೆ ತೋರಿಸುತ್ತಿದ್ದರು. ಹರೆಯದಲ್ಲಿ ಟೂರಿಂಗ್ ಟಾಕೀಸಿನ ಸಂಗಡ ಊರೂರು ತಿರುಗಿ ಪ್ರೊಜೆಕ್ಟರ್ ಓಡಿಸಿದ ಮನುಷ್ಯ. ಎರಡು ದಿನ ಅವರೆದುರು ಕ್ಯಾಮೆರಾ ಇಟ್ಟು ಕೂತಿದ್ದೆ. ಕಾರ್ಬನ್ ಕಡ್ಡಿ ಸವೆದಂತೆ ಪರದೆ ಮಂಕಾಗುವುದು, ರೀಲು ಕಡಿದಾಗ ಡೇರೆ ಹಾರಿಹೋಗುವಂಥ ಸೀಟಿ... ಕಾಕಾ ಹೇಳಿದ್ದೇ ಹೇಳಿದ್ದು. "ರೀಲ್ ಕಡದ್ರ ಗಾಬ್ರಿ ಆಗಬಾರ್ದು ತಮ್ಮಾ. ಮದ್ಲ ಮಷೀನ್ ನಿಂದರಸು."

ಮೂರು ತಿಂಗಳಿಗೆ ಕಾಕಾ ತೀರಿಕೊಂಡರು.

ಆ ವಿಡಿಯೋ ಇದ್ದದ್ದು ಕಲಬುರಗಿಯಲ್ಲಿ ಮದುವೆ ಶೂಟಿಂಗ್ ಮಾಡುವ ಗೆಳೆಯನ ಸ್ಟುಡಿಯೋದಲ್ಲಿ. ಎರಡೆರಡು ಟೆರಾಬೈಟಿನ ನಾಲ್ಕು ಡಿಸ್ಕುಗಳನ್ನು ಒಂದಾಗಿ ಜೋಡಿಸಿದ ಡಬ್ಬಿ. ಇದಕ್ಕೆ ರೇಡ್ ಎನ್ನುತ್ತಾರೆ. ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕ್ಯಾಟ್ಜ್ ಎಂಬ ಮೂವರು 1988ರ ಪ್ರಬಂಧದಲ್ಲಿ ವಿವರಿಸಿದ ಉಪಾಯ. ನಮ್ಮದು ಅದರಲ್ಲಿ ಐದನೇ ನಮೂನೆ. ಮೂವರ ಜೇಬಿನಲ್ಲಿ ದುಡ್ಡು, ನಾಲ್ಕನೆಯವನ ಜೇಬಿನಲ್ಲಿ ಒಟ್ಟು ಮೊತ್ತದ ಚೀಟಿ ಅಂದುಕೊಳ್ಳಿ. ಒಬ್ಬನ ಜೇಬು ಕತ್ತರಿಯಾದರೂ ಚೀಟಿ ನೋಡಿ, ಉಳಿದಿಬ್ಬರದ್ದು ಕಳೆದರೆ ಹೋದದ್ದೆಷ್ಟೆಂದು ತಿಳಿಯುತ್ತದೆ. ಚೀಟಿ ಮಾತ್ರ ಒಬ್ಬನ ಹತ್ತಿರವೇ ಇರದೆ ಸರದಿಯಂತೆ ತಿರುಗುತ್ತಿರುತ್ತದೆ. ಇಷ್ಟು ಭದ್ರ ಇರುವಾಗ ಇನ್ನೊಂದು ಪ್ರತಿ ಯಾಕೆಂದು ಕ್ಯಾಮೆರಾದ ಕಾರ್ಡು ಅಳಿಸಿ ಮುಂದಿನ ಮದುವೆಗೆ ಬಳಸಿಬಿಟ್ಟಿದ್ದೆವು!

ಒಂದು ರಾತ್ರಿ ಪೆನ್‌ಡ್ರೈವಿಗೆ ಲಿನಕ್ಸ್ ಹಾಕಲು ಕೂತೆ. ಒಂದೇ ಸಾಲಿನ ಆಜ್ಞೆ. ಪೆನ್‌ಡ್ರೈವಿನ ಹೆಸರು ಬರೆಯಬೇಕಾದಲ್ಲಿ ಒಂದಕ್ಷರ ತಪ್ಪಿ ಡಬ್ಬಿಯ ಎರಡನೇ ಡಿಸ್ಕಿನ ಹೆಸರು ಒತ್ತಿದೆ. ಆ ಯಂತ್ರ 'ಖಾತ್ರಿಯೇ?' ಎಂದು ಕೇಳುವ ಜಾತಿಯದಲ್ಲ. ನಾಲ್ಕು ಗಿಗಾಬೈಟು ಬರೆದು ಮುಗಿಸಿ ತೆಪ್ಪಗಾಯಿತು. ಪೆನ್‌ಡ್ರೈವು ಖಾಲಿ. ಎದೆ ಧಸಕ್ಕೆಂದಿತು. ಸ್ವಿಚ್ ಆರಿಸಿದೆ. ನಾನು ಮಾಡಿದ ಒಂದೇ ಜಾಣತನ ಅದು.

ಬೆಂಗಳೂರಿನಲ್ಲಿರುವ ಬಲ್ಲ ಗೆಳೆಯನಿಗೆ ಫೋನು ಹಚ್ಚಿದೆ. "ರಿಪೇರಿ ಅಂತ ಏನಾದ್ರೂ ಒತ್ತಿದ್ಯಾ?" ಎಂಬುದೇ ಅವನ ಮೊದಲ ಮಾತು. ಒತ್ತಿದ್ದರೆ ನನ್ನ ಕಸವನ್ನೇ ಸರಿಯೆಂದು ನಂಬಿ ಯಂತ್ರ ಹೊಸ ಚೀಟಿ ಬರೆದುಬಿಡುತ್ತಿತ್ತಂತೆ. ಇದ್ದ ಒಂದು ಸಾಕ್ಷಿಯೂ ನಾಶ!

ಇಂಥದ್ದು ದೊಡ್ಡವರಿಗೂ ತಪ್ಪಿಲ್ಲ. 1998ರಲ್ಲಿ 'ಟಾಯ್ ಸ್ಟೋರಿ 2' ತಯಾರಾಗುವಾಗ ಪಿಕ್ಸಾರಿನಲ್ಲಿ ಒಂದು ಆಜ್ಞೆ ಚಿತ್ರದ ಬಹುಪಾಲು ಕಡತಗಳನ್ನು ನುಂಗಿತು. ಬ್ಯಾಕಪ್ ಕೈಕೊಟ್ಟಿತ್ತು. ಹೆರಿಗೆಯ ನಂತರ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಗ್ಯಾಲಿನ್ ಸುಸ್ಮನ್ ಅವರ ಕಂಪ್ಯೂಟರಿನಲ್ಲಿದ್ದ ಪ್ರತಿ ಚಿತ್ರವನ್ನು ಬದುಕಿಸಿತು. ನಮ್ಮ ಮೊದಲ ವಾಕ್ಚಿತ್ರ 'ಸತಿ ಸುಲೋಚನ'ಕ್ಕೆ ಆ ಭಾಗ್ಯವಿಲ್ಲ. 1934ರ ಆ ಚಿತ್ರದ ಒಂದು ಪ್ರಿಂಟೂ ಉಳಿದಿಲ್ಲ.

ಸಾಲ ಮಾಡಿ ನಾಲ್ಕು ಹೊಸ ಡಿಸ್ಕು ತಂದೆವು. ಮೂಲ ಮುಟ್ಟದೆ ನಾಲ್ಕಕ್ಕೂ ಪಡಿಯಚ್ಚು ತೆಗೆಯುವುದು ಮೊದಲ ಕೆಲಸ. ಮೂರು ಸಲೀಸಾಗಿ ಬಂದವು. ಕೊನೆಯದು ಒಂದೂವರೆ ದಿನ ನರಳಿತು. ಅದರಲ್ಲಿ ಎರಡು ಕಡೆ ಓದಲಾಗದ ಕಲೆ! ಒಂದು ಜೇಬು ಕತ್ತರಿಯಾದರೆ ಲೆಕ್ಕ ಹಾಕಬಹುದು, ಎರಡಾದರೆ?

ಕಾಕಾನ ಮೊದಲ ಪುಣ್ಯತಿಥಿಗೆ ಎಂಟೇ ದಿನ ಉಳಿದಿತ್ತು. ಅವರ ಮಗ ಫೋನಿನಲ್ಲಿ, "ಅಣ್ಣಾ, ಅವತ್ತ ಅಪ್ಪನ್ನ ಎಲ್ಲಾರಿಗೂ ತೋರಸ್ತೀನಿ ಅಂದೀರಲ್ಲ, ಮರೀಬ್ಯಾಡ್ರಿ" ಅಂದ. ಹೂಂ ಅಂದೆ. ಏನಾಗಿದೆ ಎಂದು ಹೇಳುವ ಧೈರ್ಯ ಬರಲಿಲ್ಲ.

ನಾನು ಕೆಡಿಸಿದ ಡಿಸ್ಕನ್ನು ಹೊರಗಿಟ್ಟು ಉಳಿದ ಮೂರರ ಪಡಿಯಚ್ಚು ಜೋಡಿಸಿದಾಗ ಕಡತಗಳು ಕಂಡವು. ಕಾಕಾನ ಮಾತು ಮಾತ್ರ ಎರಡು ಕಡೆ ತುಂಡು. ಒಂದು ಕಡೆಯಂತೂ ದೊಡ್ಡ ತುಂಡು. ಆಗ ಬೆಂಗಳೂರಿನವನು ನಕ್ಕ. "ಲೇ, ನೀನು ಕೆಡಿಸಿದ್ದು ಮೊದಲ ನಾಲ್ಕು ಗಿಗಾಬೈಟು ಅಷ್ಟೇ. ಆಮೇಲಿನದು ಹಂಗೇ ಇದೆಯಲ್ಲೋ!" ಹೌದಲ್ಲ! ದೊಡ್ಡ ಕಲೆ ಇದ್ದದ್ದು ಡಿಸ್ಕಿನ ನಡುಮಧ್ಯೆ. ಆ ಜಾಗಕ್ಕಷ್ಟೇ ಕಲೆಯ ಡಿಸ್ಕನ್ನು ಬಿಟ್ಟು, ನಾನು ಕೆಡಿಸಿದ್ದನ್ನೇ ಸೇರಿಸಿ ಲೆಕ್ಕ ಹಾಕಿದೆವು. ಸ್ವಿಚ್ ಆರಿಸಿದ ಮೇಲೆ ಡಬ್ಬಿಗೆ ಏನೂ ಬರೆಯದಿದ್ದರಿಂದ ಲೆಕ್ಕ ಕೂಡಿತು. ಇನ್ನೊಂದು ಸಣ್ಣ ಕಲೆ ನಾನು ಕೆಡಿಸಿದ ಭಾಗದಲ್ಲೇ ಇತ್ತು. ಅದು ಹೋಯಿತು.

ಪುಣ್ಯತಿಥಿಯ ಸಂಜೆ ಅಂಗಳದಲ್ಲಿ ಬಿಳಿ ಧೋತರ ಕಟ್ಟಿ ತೋರಿಸಿದೆವು. ಕಾಕಾ ನಗುನಗುತ್ತಾ ಮಾತಾಡುತ್ತಿದ್ದವರು ಒಮ್ಮೆಲೇ ಚೌಕಚೌಕವಾಗಿ ಒಡೆದುಹೋದರು. ದನಿ ಕಟ್ಟಿತು. ನಾನು ತಲೆ ತಗ್ಗಿಸಿ, ತಪ್ಪು ನನ್ನದೇ ಎಂದು ಹೇಳಲು ಬಾಯಿ ತೆರೆದೆ.

ಮಗ ಪರದೆಯಿಂದ ಕಣ್ಣು ಕೀಳಲಿಲ್ಲ. "ರೀಲ್ ಕಡದದ, ಬಿಡ್ರಿ ಅಣ್ಣಾ. ಮುಂದ ಹಚ್ರಿ."