ಓವಲ್ ಮೈದಾನಕ್ಕೆ ಒಂದು ಮೈಲಿ

ಚಾಂದ್‌ಖೇಡಾದ ನಮ್ಮ ಮನೆಯ ಮಾಳಿಗೆಯ ಮೇಲೆ ನಿಂತರೆ ಪಂದ್ಯವಿರುವ ರಾತ್ರಿ ಮೊಟೇರಾ ಮೈದಾನದ ಬೆಳಕು ಆಕಾಶಕ್ಕೆ ಹರಡಿರುವುದು ಕಾಣುತ್ತದೆ. ಒಂದು ಲಕ್ಷ ಮೂವತ್ತೆರಡು ಸಾವಿರ ಜನ ಕೂರುವ, ಪ್ರಪಂಚದಲ್ಲೇ ದೊಡ್ಡದಾದ ಕ್ರಿಕೆಟ್ ಮೈದಾನ ಮನೆಯ ಪಕ್ಕದಲ್ಲೇ ಇರುವಾಗ, ಆಟ ನೋಡಲು ಸಮುದ್ರ ದಾಟಿ ಲಂಡನ್ನಿಗೆ ಹೋಗುವವರನ್ನು ಏನೆನ್ನಬೇಕು? ನೆರೆಯ ಗುಜರಾತಿ ಮಿತ್ರರು ಹಾಗೆಯೇ ಕೇಳಿ ನಕ್ಕರು. ಅದಕ್ಕೆ ಉತ್ತರ ನಮ್ಮ ತಂದೆಯವರ ಬಳಿ ಇತ್ತು.

ತಂದೆಯವರು ಮೈಸೂರಿನವರು. ಎಣ್ಣೆ ಬಾವಿಗಳ ಕೆಲಸಕ್ಕೆಂದು ಗುಜರಾತಿಗೆ ಬಂದು, ಇಲ್ಲಿಯೇ ನಿವೃತ್ತರಾಗಿ, ಚಾಂದ್‌ಖೇಡಾದಲ್ಲಿಯೇ ಮನೆ ಮಾಡಿದವರು. 1971ರ ಆಗಸ್ಟಿನಲ್ಲಿ ಅವರಿಗೆ ಹದಿನೇಳು ವರ್ಷ. ಅಗ್ರಹಾರದ ಒಂದು ಹೋಟೆಲಿನ ರೇಡಿಯೋ ಸುತ್ತ ಹುಡುಗರೆಲ್ಲ ಮುತ್ತಿಕೊಂಡಿದ್ದ ಸಂಜೆ, ಲಂಡನ್ನಿನ ಓವಲ್ ಮೈದಾನದಲ್ಲಿ ಅವರದೇ ಊರಿನ ಬಿ.ಎಸ್. ಚಂದ್ರಶೇಖರ್, ಬಾಲ್ಯದಲ್ಲಿ ಪೋಲಿಯೋ ತಗಲಿದ್ದ ಅದೇ ಬಲಗೈಯಿಂದ ಚೆಂಡೆಸೆದು, 38 ರನ್ನಿಗೆ 6 ವಿಕೆಟ್ ಕಿತ್ತು, ಇಂಗ್ಲೆಂಡನ್ನು 101ಕ್ಕೆ ಉರುಳಿಸಿದರು. ಮಾರನೆಯ ದಿನ, ಆಗಸ್ಟ್ 24ರಂದು, ಗಣೇಶ ಚತುರ್ಥಿ. ಅಂದು ಭಾರತ ಇಂಗ್ಲೆಂಡಿನ ನೆಲದ ಮೇಲೆ ಮೊದಲನೆಯ ಟೆಸ್ಟ್ ಪಂದ್ಯವನ್ನೂ ಮೊದಲನೆಯ ಸರಣಿಯನ್ನೂ ಗೆದ್ದಿತು. “ಹಬ್ಬದ ಕಡುಬು ತಣ್ಣಗಾದರೂ ಮನೆಗೆ ಹೋಗಲಿಲ್ಲ” ಎಂದು ಅವರು ಹೇಳದ ವರ್ಷವಿಲ್ಲ. ಓವಲ್ ಮೈದಾನವನ್ನು ಒಮ್ಮೆ ಕಣ್ಣಿನಿಂದ ನೋಡಬೇಕೆಂಬುದು ಅವರ ಒಂದೇ ಆಸೆ.

ಆದ್ದರಿಂದ 2025ರ ಆರಂಭದಲ್ಲಿ, ಕ್ರಿಕೆಟ್ ಅಭಿಮಾನಿಗಳನ್ನು ಇಂಗ್ಲೆಂಡಿಗೆ ಕರೆದೊಯ್ಯುವ ಒಂದು ಪ್ರವಾಸ ಮಂಡಳಿಗೆ ನಾವು ಐದು ಮಂದಿಯ ಹಣ ಕಟ್ಟಿದೆವು: ತಂದೆ, ತಾಯಿ, ನಾವಿಬ್ಬರು, ಹನ್ನೆರಡು ವರ್ಷದ ಮಗಳು. ಮೂರು ದಿನ ಊರು ನೋಡುವುದು, ಆಮೇಲೆ ಓವಲ್‌ನಲ್ಲಿ ಐದನೆಯ ಟೆಸ್ಟ್.

ಬಂತು ಜೂನ್ ತಿಂಗಳು. ಜೂನ್ 3ರ ರಾತ್ರಿ ನಮ್ಮ ಮೊಟೇರಾದಲ್ಲೇ ಬೆಂಗಳೂರಿನ ತಂಡ ಪಂಜಾಬನ್ನು 6 ರನ್ನಿನಿಂದ ಸೋಲಿಸಿ, ಹದಿನೆಂಟು ವರ್ಷ ಕಾದ ಐ.ಪಿ.ಎಲ್. ಕಪ್ಪನ್ನು ಎತ್ತಿತು. ಚಾಂದ್‌ಖೇಡಾದ ಕನ್ನಡ ಮನೆಗಳಲ್ಲಿ ಆ ರಾತ್ರಿ ಯಾರೂ ಮಲಗಲಿಲ್ಲ. ಮರುದಿನ ಬೆಂಗಳೂರಿನಲ್ಲಿ, ಚಿನ್ನಸ್ವಾಮಿ ಮೈದಾನದ ಹೊರಗಿನ ನೂಕುನುಗ್ಗಲಿನಲ್ಲಿ 11 ಮಂದಿ ಪ್ರಾಣ ಬಿಟ್ಟರು. ಆ ದುಃಖ ಆರುವ ಮೊದಲೇ ಜೂನ್ 12ರ ಮಧ್ಯಾಹ್ನ ನಮ್ಮೂರಿನ ನಿಲ್ದಾಣದಿಂದ ಲಂಡನ್ನಿಗೆ ಹೊರಟ ವಿಮಾನ ಮೇಘಾಣಿನಗರದಲ್ಲಿ ಬಿದ್ದಿತು. ವಿಮಾನದಲ್ಲಿದ್ದವರಲ್ಲಿ ಒಬ್ಬರು ಮಾತ್ರ ಉಳಿದರು. ನೆಲದ ಮೇಲಿದ್ದವರೂ ಸೇರಿ 260 ಮಂದಿ ಹೋದರು. ಅಹಮದಾಬಾದಿನಲ್ಲಿರುವವರಿಗೆ ಆ ದಿನಗಳನ್ನು ವಿವರಿಸಿ ಹೇಳಬೇಕಾಗಿಲ್ಲ.

ತಾಯಿಯವರು ಅಡಿಗೆಮನೆಯಿಂದಲೇ ಹೇಳಿದರು: “ಈ ಆಟದ ಸಹವಾಸವೂ ಬೇಡ, ಆ ವಿಮಾನದ ಸಹವಾಸವೂ ಬೇಡ. ಹೋದ ಹಣ ಹೋಗಲಿ.” ತಂದೆಯವರು ಎದುರು ಮಾತಾಡಲಿಲ್ಲ. ವಾಕಿಂಗ್ ಹೋಗುವುದನ್ನು ಮಾತ್ರ ಬಿಟ್ಟರು. ಹೀಗೆ ಒಂದು ತಿಂಗಳು ಕಳೆಯಿತು. ಕೊನೆಗೆ ಸೋತವರು ತಾಯಿಯವರೇ. “ಒಬ್ಬರನ್ನು ಬಿಟ್ಟು ಒಬ್ಬರು ಹೋಗುವುದು ಬೇಡ. ಹೋದರೆ ಐವರೂ ಹೋಗೋಣ. ಆದರೆ ಇಲ್ಲಿಂದ ಹಾರುವುದಿಲ್ಲ” ಎಂದರು. ಮುಂಬಯಿಯಿಂದ ಹಾರಿದರೆ ಅಪಾಯ ಹೇಗೆ ಕಡಮೆಯಾಗುತ್ತದೆಂದು ನಾವು ಕೇಳಲಿಲ್ಲ. ಮನಸ್ಸಿಗೆ ಒಂದು ಸಮಾಧಾನ ಬೇಕು, ಅಷ್ಟೆ. ತಂಡದ ಬೇರೆ ಕೆಲವರಿಗೂ ಹಾಗೆಯೇ ಅನ್ನಿಸಿತ್ತು. ಜುಲೈ 26ರ ರಾತ್ರಿ ರೈಲು ಹತ್ತಿದೆವು. ವಡೋದರಾದಲ್ಲಿ ಆರು ಮಂದಿ, ಸೂರತ್ತಿನಲ್ಲಿ ನಾಲ್ವರು ಬಂದು ಸೇರಿಕೊಂಡರು. ಅವರ ಬುಟ್ಟಿಗಳಲ್ಲಿ ಥೇಪ್ಲಾ, ಖಾಖ್ರಾ. ನಮ್ಮದರಲ್ಲಿ ಚಕ್ಕುಲಿ, ಚಟ್ನಿಪುಡಿ, ಒಗ್ಗರಣೆ ಹಾಕಿದ ಗಟ್ಟಿ ಅವಲಕ್ಕಿ. ಬೋರಿವಲಿ ತಲುಪುವ ಮೊದಲೇ ಅದಲುಬದಲಾಗಿತ್ತು.

ವಿಮಾನ ಏರುವಾಗ ತಾಯಿಯವರು ಕಣ್ಣು ಮುಚ್ಚಿ ಮಗಳ ಕೈ ಹಿಡಿದುಕೊಂಡಿದ್ದರು. ಮೇಲಕ್ಕೆ ಹೋಗಿ ನೇರವಾದ ಮೇಲೆ ಕಣ್ಣು ತೆರೆದು, “ಒಂದು, ಎರಡು, ಮೂರು, ನಾಲ್ಕು, ಐದು” ಎಂದು ನಮ್ಮನ್ನೆಲ್ಲ ಎಣಿಸಿದರು. ಮುಂದೆ ಎಂಟು ದಿನವೂ, ರೈಲಿನ ಬಾಗಿಲಲ್ಲಿ, ಮೈದಾನದ ಗೇಟಿನಲ್ಲಿ, ಈ ಎಣಿಕೆ ತಪ್ಪಲಿಲ್ಲ.

ಮೊದಲ ದಿನ ಲಾರ್ಡ್ಸ್ ಮೈದಾನ. ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಆಷಸ್ ಎಂಬ ಬೂದಿಯ ಪುಟ್ಟ ಕರಂಡಕವಿದೆ, ಅಂಗೈಯಲ್ಲಿ ಹಿಡಿಯುವಷ್ಟು. ಇನ್ನೊಂದು ಕಡೆ ಒಂದು ಗುಬ್ಬಚ್ಚಿ. 1936ರಲ್ಲಿ ಜಹಾಂಗೀರ್ ಖಾನ್ ಎಸೆದ ಚೆಂಡು ಬಡಿದು ಸತ್ತ ಆ ಹಕ್ಕಿಯನ್ನು, ಅದೇ ಚೆಂಡಿನ ಮೇಲೆ ಕೂರಿಸಿ, ಕಾಪಾಡಿಟ್ಟಿದ್ದಾರೆ. ಮಗಳಿಗೆ ಬೂದಿಗಿಂತ ಗುಬ್ಬಚ್ಚಿಯೇ ಮನಸ್ಸಿಗೆ ಹಿಡಿಯಿತು. ಶತಕ ಹೊಡೆದವರ, ಐದು ವಿಕೆಟ್ ಪಡೆದವರ ಹೆಸರು ಬರೆಯುವ ಫಲಕಗಳ ಮುಂದೆ ನಮ್ಮ ತಂಡ ಎರಡು ಪಂಗಡವಾಯಿತು. ಗುಜರಾತಿಗಳಿಗೆ ಜಾಮನಗರದ ವಿನೂ ಮಂಕಡ್: 1952ರಲ್ಲಿ ಇದೇ ಮೈದಾನದಲ್ಲಿ 72 ಮತ್ತು 184 ರನ್, ಜೊತೆಗೆ ಐದು ವಿಕೆಟ್. ನಮಗೆ 1996ರ ವೆಂಕಟೇಶ ಪ್ರಸಾದರ ಐದು ವಿಕೆಟ್. ಅದೇ ಪಂದ್ಯದಲ್ಲಿ 95ಕ್ಕೆ ಔಟಾದ ರಾಹುಲ್ ದ್ರಾವಿಡರ ಹೆಸರು ಫಲಕ ಏರಲು 2011ರವರೆಗೆ ಕಾಯಬೇಕಾಯಿತು. ಕೆ.ಎಲ್. ರಾಹುಲ್ ಎರಡು ವಾರದ ಹಿಂದೆಯಷ್ಟೇ ಅಲ್ಲಿ ನೂರು ಹೊಡೆದಿದ್ದರು. 1983ರ ಜೂನ್ 25ರಂದು ಕಪಿಲ್ ದೇವ್ ವಿಶ್ವಕಪ್ ಎತ್ತಿ ಹಿಡಿದ ಮಹಡಿಯನ್ನು ತೋರಿಸಿದಾಗ ಮಾತ್ರ ಎರಡು ಪಂಗಡವೂ ಒಂದಾಯಿತು. ಆ ಪಂದ್ಯಾವಳಿಯಲ್ಲಿ ಎಲ್ಲರಿಗಿಂತ ಹೆಚ್ಚು, 18 ವಿಕೆಟ್ ಪಡೆದವರು ನಮ್ಮ ಬೆಂಗಳೂರಿನ ರೋಜರ್ ಬಿನ್ನಿ ಎಂಬುದನ್ನು ತಂದೆಯವರು ಮೆಲ್ಲಗೆ ಸೇರಿಸಿದರು.

ಮರುದಿನ ನೀಸ್ಡನ್ನಿನ ಸ್ವಾಮಿನಾರಾಯಣ ಮಂದಿರ. ಬಲ್ಗೇರಿಯದ ಸುಣ್ಣಕಲ್ಲು, ಇಟಲಿಯ ಅಮೃತಶಿಲೆ ಭಾರತಕ್ಕೆ ಹೋಗಿ, ಅಲ್ಲಿ ಕೆತ್ತನೆಗೊಂಡು, ಹಡಗಿನಲ್ಲಿ ಬಂದು 1995ರಲ್ಲಿ ಮಂದಿರವಾಗಿ ನಿಂತಿವೆ. ಊರು ಬಿಟ್ಟು ಬಂದವರು ಊರನ್ನು ಹೇಗೆ ಜೊತೆಗೆ ತರುತ್ತಾರೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಸಂಜೆ ಪಾರ್ಲಿಮೆಂಟ್ ಚೌಕದಲ್ಲಿ ಗಾಂಧೀಜಿಯವರ ಕಂಚಿನ ಪ್ರತಿಮೆ ನೋಡಿದೆವು. 2015ರ ಮಾರ್ಚಿನಲ್ಲಿ ನಿಲ್ಲಿಸಿದ್ದು. ಚಾಂದ್‌ಖೇಡಾದಿಂದ ಪೇಟೆಗೆ ಹೋಗುವಾಗಲೆಲ್ಲ ಸಾಬರಮತಿ ಆಶ್ರಮವನ್ನು ಹಾದು ಹೋಗುವ ನಮಗೆ, ಅಷ್ಟು ದೂರದಲ್ಲಿ ನೆರೆಯವರನ್ನು ಕಂಡಂತಾಯಿತು.

ಜುಲೈ 31, ಗುರುವಾರ. ಓವಲ್ ಮೈದಾನದ ಗೇಟು ದಾಟಿ ಮೆಟ್ಟಿಲು ಹತ್ತಿ, ಹಸಿರು ಕಂಡೊಡನೆ ತಂದೆಯವರು ನಿಂತುಬಿಟ್ಟರು. ಹಿಂದೆ ಬರುವವರು ಸುತ್ತಿ ಬಳಸಿ ಹೋದರು. “ಇಷ್ಟೇನಾ ತಾತ?” ಎಂದಳು ಮಗಳು. ನಿಜ. ಇಪ್ಪತ್ತೇಳು ಸಾವಿರ ಚಿಲ್ಲರೆ ಜನ ಕೂರುವ ಮೈದಾನ; ನಮ್ಮ ಮೊಟೇರಾದ ಕಾಲು ಭಾಗವೂ ಇಲ್ಲ. “ಇಷ್ಟೇ ಮಗು. ಆದರೆ ರೇಡಿಯೋದಲ್ಲಿ ಬಹಳ ದೊಡ್ಡದಾಗಿ ಕೇಳಿಸುತ್ತಿತ್ತು” ಎಂದರು.

ನಮ್ಮ ಪಕ್ಕದ ಆಸನದಲ್ಲಿ ವಯಸ್ಸಾದ ಆಂಗ್ಲರೊಬ್ಬರು. ಮಳೆ ಬಂದು ಆಟ ನಿಂತಾಗ ಮಾತು ಬೆಳೆಯಿತು. 1971ರಲ್ಲಿ ಅವರು ಹುಡುಗರಾಗಿ ಇದೇ ಮೈದಾನಕ್ಕೆ ಬಂದಿದ್ದರಂತೆ. ಅಂದು ಭಾರತದ ಅಭಿಮಾನಿಗಳು ಗಣೇಶನ ಹಬ್ಬವೆಂದು ಚೆಸಿಂಗ್ಟನ್ ಮೃಗಾಲಯದಿಂದ ಬೆಲ್ಲ ಎಂಬ ಆನೆಮರಿಯನ್ನು ತಂದು ಮೈದಾನದ ಸುತ್ತ ನಡೆಸಿದ್ದನ್ನು ಕಣ್ಣಾರೆ ಕಂಡಿದ್ದರಂತೆ! ತಂದೆಯವರು ಅವರ ಕೈಯನ್ನು ಬಹಳ ಹೊತ್ತು ಬಿಡಲಿಲ್ಲ. ಒಬ್ಬರು ಕೇಳಿದ್ದನ್ನು ಇನ್ನೊಬ್ಬರು ನೋಡಿದ್ದರು. ನಾಲ್ಕು ದಿನವೂ ಇಬ್ಬರೂ ಅಕ್ಕಪಕ್ಕ ಕೂತು, ಚಕ್ಕುಲಿ ತಿನ್ನುತ್ತ, ಎದುರುಬದುರು ಪಕ್ಷ ವಹಿಸಿದರು.

ಆಟದ ವಿಷಯ ವಾಚಕರಿಗೆ ತಿಳಿದೇ ಇದೆ, ಚುಟುಕಾಗಿ ಹೇಳುತ್ತೇವೆ. ಭಾರತದ ಹನ್ನೊಂದರಲ್ಲಿ ಕರ್ನಾಟಕದ ಆಟಗಾರರು ಮೂವರು: ರಾಹುಲ್, ಕರುಣ್ ನಾಯರ್, ಪ್ರಸಿದ್ಧ್ ಕೃಷ್ಣ. 2016ರಲ್ಲಿ ಚೆನ್ನೈಯಲ್ಲಿ ಇದೇ ಇಂಗ್ಲೆಂಡಿನ ಮೇಲೆ 303 ಹೊಡೆದ ಕರುಣ್, ಆಮೇಲೆ ಟೆಸ್ಟಿನಲ್ಲಿ ಐವತ್ತು ದಾಟಿದ್ದು ಇಲ್ಲಿಯೇ. ಪ್ರಸಿದ್ಧ್ ಮೊದಲ ಸರದಿಯಲ್ಲಿ ನಾಲ್ಕು ವಿಕೆಟ್ ಪಡೆದರು. ಜೈಸ್ವಾಲ್ 118 ಹೊಡೆದು, ಇಂಗ್ಲೆಂಡಿನ ಮುಂದೆ 374ರ ಗುರಿ ನಿಂತಿತು. ನಾಲ್ಕನೆಯ ದಿನ, ಭಾನುವಾರ, ಬ್ರೂಕ್ 19ರಲ್ಲಿದ್ದಾಗ ಪ್ರಸಿದ್ಧರ ಚೆಂಡನ್ನು ಎತ್ತಿ ಹೊಡೆದರು, ಸಿರಾಜ್ ಹಿಡಿದರು, ಹಿಡಿದು ಗಡಿಯ ಹಗ್ಗವನ್ನು ತುಳಿದುಬಿಟ್ಟರು. ಔಟಾಗಬೇಕಿದ್ದ ಬ್ರೂಕ್ 111 ಹೊಡೆದರು, ರೂಟ್ 105. ಸಂಜೆ ಮತ್ತೆ ಹಿಡಿತ ಸಿಕ್ಕಿತು. ಅಷ್ಟರಲ್ಲಿ ಬೆಳಕು ಕುಂದಿ, ಮಳೆ ಬಂದು, ಆಟ ನಿಂತಿತು. ಇಂಗ್ಲೆಂಡಿಗೆ ಬೇಕಾದದ್ದು 35 ರನ್, ಭಾರತಕ್ಕೆ ನಾಲ್ಕು ವಿಕೆಟ್.

ಆಗ ನಮ್ಮ ಎಡವಟ್ಟು ಬೆಳಕಿಗೆ ಬಂತು. ನಮ್ಮ ಟಿಕೆಟ್ಟು ನಾಲ್ಕೇ ದಿನದ್ದು! ಸೋಮವಾರ ರಾತ್ರಿ ವಿಮಾನವಿದ್ದುದರಿಂದ ಆ ದಿನವನ್ನು ಊರು ನೋಡುವುದಕ್ಕೆ ಬಿಟ್ಟಿದ್ದರು. ಹಣ ಕಟ್ಟುವಾಗ ಓದಿ ಸಹಿ ಹಾಕಿದವರು ನಾವೇ. ಈ ಕಾಲದಲ್ಲಿ ಟೆಸ್ಟ್ ಪಂದ್ಯ ಐದು ದಿನ ಎಲ್ಲಿ ನಡೆಯುತ್ತದೆ ಎಂದುಕೊಂಡಿದ್ದೆವು. ಆ ರಾತ್ರಿ ಹನ್ನೆರಡರವರೆಗೆ ಮೊಬೈಲಿನಲ್ಲಿ ಹುಡುಕಿದರೂ ಒಂದು ಟಿಕೆಟ್ಟೂ ಸಿಗಲಿಲ್ಲ. ಐವತ್ತನಾಲ್ಕು ವರ್ಷ ಕಾದವರಿಗೆ ಕೊನೆಯ ಒಂದು ಗಂಟೆಯನ್ನು ತಪ್ಪಿಸಿದೆವಲ್ಲ ಎಂದು ನಮಗೆ ಊಟ ಸೇರಲಿಲ್ಲ.

ಬೆಳಿಗ್ಗೆ ತಂಡದವರು ವಿಂಡ್ಸರ್ ಅರಮನೆಗೆ ಬಸ್ಸು ಹತ್ತಿದರು. ತಂದೆಯವರು ಶರಟು ಇಸ್ತ್ರಿ ಮಾಡಿಸಿಕೊಂಡು ಸಿದ್ಧರಾಗಿದ್ದರು. “ಅರಮನೆ ಬೇಡ. ಬಸವಣ್ಣನವರು ಮೈದಾನದ ಹತ್ತಿರವೇ ಇದ್ದಾರಂತೆ. ಅಲ್ಲಿಗೆ ಹೋಗೋಣ” ಎಂದರು.

ಥೇಮ್ಸ್ ನದಿಯ ದಡದಲ್ಲಿ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಎಂಬ ಕಡೆ, ಬಸವಣ್ಣನವರ ಕಂಚಿನ ಪ್ರತಿಮೆಯಿದೆ. ಅದೂ ಓವಲ್ ಮೈದಾನವೂ ಇರುವುದು ಲ್ಯಾಂಬೆತ್ ಎಂಬ ಒಂದೇ ಪೇಟೆಯಲ್ಲಿ. ನಡುವೆ ಹೆಚ್ಚುಕಡಮೆ ಒಂದು ಮೈಲಿ. ಲ್ಯಾಂಬೆತ್ತಿನ ಮೇಯರ್ ಆಗಿದ್ದ ಕಲಬುರಗಿಯ ಡಾ. ನೀರಜ್ ಪಾಟೀಲರ ಪ್ರಯತ್ನದಿಂದ ಇದು ನಿಂತಿತು; 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣ ಮಾಡಿದರು. ಹೊಳೆಯಾಚೆ ಸ್ವಲ್ಪ ದೂರದಲ್ಲಿ ಪಾರ್ಲಿಮೆಂಟು. ಅತ್ತ ಚೌಕದಲ್ಲಿ ಗುಜರಾತಿನ ಗಾಂಧೀಜಿ, ಇತ್ತ ದಡದಲ್ಲಿ ನಮ್ಮ ಬಸವಣ್ಣ. ಎರಡು ನಾಡಿನ ಅನ್ನ ಉಂಡ ನಮ್ಮಂಥವರಿಗೆ ಆ ಹೊಳೆಯ ದಂಡೆ ಪರಸ್ಥಳವೆನಿಸಲಿಲ್ಲ. ತಾಯಿಯವರು ಚೀಲದಿಂದ ಎರಡು ಹೂ ತೆಗೆದು ಪ್ರತಿಮೆಯ ಕೆಳಗೆ ಇಟ್ಟರು. ಹೂವನ್ನು ಯಾವಾಗ ಕೊಂಡಿದ್ದರೋ!

ಹನ್ನೊಂದು ಹೊಡೆಯಿತು. ಮಗಳು ಮೊಬೈಲಿನಲ್ಲಿ ಬಿ.ಬಿ.ಸಿ.ಯ ವೀಕ್ಷಕ ವಿವರಣೆ ಹಾಕಿದಳು. ಐವರೂ ಬೆಂಚಿನ ಸುತ್ತ ತಲೆ ಸೇರಿಸಿದೆವು. ಪ್ರಸಿದ್ಧರ ಮೊದಲ ಎರಡು ಚೆಂಡೂ ಬೌಂಡರಿ. ತಾಯಿಯವರು, “ಮುಗಿಯಿತು ಬಿಡಿ” ಎಂದರು. ಆಮೇಲೆ ಸಿರಾಜ್: ಸ್ಮಿತ್ ಔಟ್. ಓವರ್ಟನ್ ಔಟ್. ಪ್ರಸಿದ್ಧ್ ಟಂಗರ ವಿಕೆಟ್ ಹಾರಿಸಿದಾಗ ತಂದೆಯವರು ಎದ್ದು ನಿಂತು, “ಚಂದ್ರ ಎಡ್ರಿಚ್‌ನನ್ನು ಹೀಗೇ ಹಾರಿಸಿದ್ದು!” ಎಂದು ಕೂಗಿದರು. ದಾರಿಹೋಕರಾದ ಇಬ್ಬರು ತರುಣರು ಕನ್ನಡ ಕೇಳಿ ಗಕ್ಕನೆ ನಿಂತರು. ದಾವಣಗೆರೆಯ ಕಡೆಯ ವಿದ್ಯಾರ್ಥಿಗಳು. “ಎಷ್ಟಾಯ್ತು ಸಾರ್?” ಎಂದು ಬೆಂಚಿನ ಹಿಂದೆ ಅವರೂ ಬಾಗಿದರು. ಹದಿನೇಳು ರನ್ ಬೇಕು, ಒಂದು ವಿಕೆಟ್. ಮೊದಲ ದಿನ ಬಿದ್ದು ಭುಜ ತಪ್ಪಿದ್ದ ವೋಕ್ಸ್, ಎಡಗೈಯನ್ನು ಜೋಳಿಗೆಯಲ್ಲಿ ಕಟ್ಟಿಕೊಂಡು ಇಳಿದು ಬಂದರೆಂದು ವಿವರಣೆಗಾರರು ಹೇಳಿದರು. “ಭೇಷ್” ಎಂದರು ತಂದೆಯವರು. ನಮ್ಮಲ್ಲಿ ಯಾರಿಗೂ ಅದು ತಪ್ಪೆನಿಸಲಿಲ್ಲ. ಅಟ್ಕಿನ್ಸನ್ ಒಂದು ಸಿಕ್ಸರ್ ಎತ್ತಿದರು. ಕೊನೆಗೆ ಸಿರಾಜರ ಯಾರ್ಕರ್, ವಿಕೆಟ್ ಬಿತ್ತು. ಆರು ರನ್ನಿನ ಗೆಲುವು. ಭಾರತ ಟೆಸ್ಟಿನಲ್ಲಿ ಇಷ್ಟು ಕಡಮೆ ರನ್ನಿನಿಂದ ಹಿಂದೆಂದೂ ಗೆದ್ದದ್ದಿಲ್ಲ. ಆರು ರನ್ನು, ಜೂನಿನಲ್ಲಿ ಮೊಟೇರಾದಲ್ಲಿ ಕಂಡ ಅದೇ ಆರು!

ಅಲ್ಲಿಂದ ನಡೆದು ಮೈದಾನದ ಗೇಟಿಗೆ ಬಂದೆವು. ಜನ ಹೊರಗೆ ಬರುತ್ತಿದ್ದರು. ಹಾಡು, ಢೋಲು, ಬಾವುಟ. ತಾಯಿಯವರು ಒಂದು ಕ್ಷಣ ಹಿಂಜರಿದು, ಮಗಳನ್ನು ಹತ್ತಿರಕ್ಕೆ ಎಳೆದುಕೊಂಡರು. ಬೆಂಗಳೂರಿನ ಗೇಟುಗಳು ಅವರ ಕಣ್ಣ ಮುಂದೆ ಬಂದಿರಬೇಕು. ಆದರೆ ಸಾಲು ಸಾಲಾಗಿ, ಒಬ್ಬರಿಗೊಬ್ಬರು ದಾರಿ ಬಿಟ್ಟು, ಗೆದ್ದವರೂ ಸೋತವರೂ ಬೆರೆತು ಹೊರಟುಹೋದರು. ನಮ್ಮ ಊರುಗಳಲ್ಲಿಯೂ ಇದು ಆಗದ ಕೆಲಸವಲ್ಲ. ಗೇಟು ತೆರೆಯುವವರಿಗೂ ನುಗ್ಗುವವರಿಗೂ ಅಷ್ಟು ತಾಳ್ಮೆ ಬೇಕು.

“ಬೇಜಾರಾಯಿತೇ ಅಪ್ಪ? ಇಷ್ಟು ದೂರ ಬಂದು ಕೊನೆಯದನ್ನು ನೋಡಲಾಗಲಿಲ್ಲ” ಎಂದೆವು.

“ಎಪ್ಪತ್ತೊಂದರಲ್ಲೂ ಕಿವಿಯಲ್ಲೇ ನೋಡಿದ್ದು, ಈಗಲೂ ಕಿವಿಯಲ್ಲೇ ನೋಡಿದೆ. ಆಗ ಸಾವಿರಾರು ಮೈಲಿ ಆಚೆ, ಈಗ ಒಂದು ಮೈಲಿ. ಮತ್ತೇನು ಬೇಕು?” ಎಂದು ನಕ್ಕರು.

ನಮ್ಮ ವಾಚಕರಲ್ಲಿ ಯಾರಾದರೂ ಇಂಥ ಪ್ರವಾಸ ಹೊರಡುವುದಾದರೆ ಎರಡು ಮಾತು. ಟಿಕೆಟ್ಟು ಎಷ್ಟು ದಿನದ್ದೆಂದು ಎರಡು ಸಲ ಓದಿ, ಹಿಂತಿರುಗುವ ವಿಮಾನವನ್ನು ಆರನೆಯ ದಿನಕ್ಕೆ ಇಟ್ಟುಕೊಳ್ಳಿ. ಮನೆಯಲ್ಲಿ ಹಿರಿಯರ ಆಸೆಯೊಂದು ಬಾಕಿಯಿದ್ದರೆ ಮುಂದಿನ ವರ್ಷಕ್ಕೆ ತಳ್ಳಬೇಡಿ. ಆ ಜೂನ್ ತಿಂಗಳು ನಮಗೆ ಕಲಿಸಿದ್ದು ಇಷ್ಟೇ.

ಮುಂಬಯಿಯಿಂದ ಮತ್ತೆ ರೈಲು. ಬೆಳಗಿನ ಜಾವ ಚಾಂದ್‌ಖೇಡಾದ ಮನೆಯ ಬೀಗ ತೆಗೆದಾಗ ತಾಯಿಯವರು ಹೊಸ್ತಿಲಲ್ಲಿ ನಿಂತು ಕೊನೆಯ ಸಲ ಎಣಿಸಿದರು. ಐದೂ ಸರಿಯಾಗಿತ್ತು. ಆಮೇಲೆ ಕಾಫಿಗೆ ನೀರಿಟ್ಟರು.