ಮುಖಕ್ಕೆರಚುವ ನೀರು

ಗಾಳಿಪಟದ ಸೆಳೆತಕ್ಕೆ ಮೈಯೊಡ್ಡಿ, ಹಲಗೆಯ ಮೇಲೆ ನಿಂತು ಕಡಲಲ್ಲಿ ಸಾಗುವ ಕೈಟ್‌ಬೋರ್ಡಿಂಗ್ ಕ್ರೀಡೆಯು 2024ರಲ್ಲಿ ಒಲಿಂಪಿಕ್ಸ್ ಪ್ರವೇಶಿಸಿತು. ಗೋವೆಯ ಮೋರ್ಜಿಂ ತೀರದಲ್ಲಿ ಇದನ್ನು ಅಭ್ಯಸಿಸುತ್ತಿರುವ ನಮ್ಮ ಹಳೆ ವಿದ್ಯಾರ್ಥಿಯೊಬ್ಬನು, "ಕಡಲು ಕದಡಿದ ದಿನ ನೀರೆರಚಿ ಕಣ್ಣೇ ಕಾಣದು, ಸರ್" ಎಂದನು. ಕಣ್ಣು ಕಾಣದ ವೇಗ ಅಪಾಯಕರವಷ್ಟೆ.

ನಾನು ಆ ಹಲಗೆಯೇರಿದವನಲ್ಲ. ಚಂದ್ರಗಿರಿ ಹೊಳೆಯನ್ನು ದೋಣಿಯಲ್ಲಿ ದಾಟಿ ಪಾಠ ಹೇಳಲು ಬಂದವನು. ಎದುರುಗಾಳಿಯೆದ್ದಾಗ ಅಂಬಿಗನು ಮಕ್ಕಳನ್ನು ಹಿಂದಕ್ಕೆ ಕುಳ್ಳಿರಿಸಿ ದೋಣಿಯ ಮೂತಿಯನ್ನು ಎತ್ತರಿಸುತ್ತಿದ್ದನು. ಅಲೆಗೆ ನೇರ ನುಗ್ಗದೆ ಓರೆಯಾಗಿ, ನಿಧಾನವಾಗಿ ನಡೆಸುತ್ತಿದ್ದನು. ಪುಸ್ತಕಗಳು ನೆನೆಯದೆ ಶಾಲೆ ಸೇರುತ್ತಿದ್ದವು.

ಅದನ್ನೇ ಆಧಾರವಾಗಿಟ್ಟುಕೊಂಡು ನಾವಿಬ್ಬರೂ ಲೆಕ್ಕ ಹಾಕಿದೆವು. ಭಾರವನ್ನು ತುಸು ಹಿಂಗಾಲಿಗೆ ಸರಿಸಿದರೆ ಹಲಗೆಯ ಮೂತಿ ಮೇಲೇಳುತ್ತದೆ. ಮೊಣಕಾಲು ಸಡಿಲವಿದ್ದರೆ ಹಲಗೆಯು ಅಲೆಯನ್ನು ಅಪ್ಪಳಿಸದು. ಗಾಳಿಗೆ ತೀರ ಎದುರಾಗದೆ, ಕೊಂಚ ಗಾಳಿ ಹೋಗುವ ಕಡೆಗೆ ತಿರುಗಿ, ಅಂಚಿನ ಮೇಲಣ ಒತ್ತಡವನ್ನು ತಗ್ಗಿಸಿದರೆ ಎರಚಲು ಇಳಿಯುತ್ತದೆ. ಒಲಿಂಪಿಕ್ಸ್ ಹಲಗೆಗಳಾದರೋ ಅಡಿಯಲ್ಲಿನ ಹೈಡ್ರೋಫಾಯಿಲ್ ಎಂಬ ರೆಕ್ಕೆಯ ಬಲದಿಂದ ನೀರನ್ನೇ ಬಿಟ್ಟು ಮೇಲೇರುತ್ತವೆ.

ಪ್ರಯೋಗಿಸಿ ನೋಡಿದ ಬಳಿಕ ಆತನು ದೂರವಾಣಿಯಲ್ಲಿ, "ಈಗ ದಾರಿ ಕಾಣುತ್ತದೆ" ಎಂದನು. ಬಲ, ಭಾರ, ಕೋನಗಳನ್ನು ಆತ ಕಲಿತದ್ದು ಇದೇ ಶಾಲೆಯಲ್ಲಿ, ಕನ್ನಡದಲ್ಲಿ. ಗಡಿನಾಡಿನಲ್ಲಿ ಕನ್ನಡ ಮಾಧ್ಯಮದಿಂದ ಏನು ಪ್ರಯೋಜನವೆಂದು ಕೇಳುವ ಹೆತ್ತವರು ದಯವಿಟ್ಟು ಇದನ್ನು ಗಮನಿಸಬೇಕು. ನಮ್ಮ ಮಕ್ಕಳು ಯಾವ ಕಡಲಿಗೆ ಹೋದರೂ ಆ ಪಾಠ ಜೊತೆಗಿರುತ್ತದೆ.