ಹಾಲಿ, ಕಲ್ದಾರ ಮತ್ತು ಒಂದು ಲೋಟಿ

ತಾರ್ನಾಕ ಮೆಟ್ರೊ ನಿಲ್ದಾಣದ ಹತ್ತಿರ ಒಂದು ಜೆರಾಕ್ಸ್ ಅಂಗಡಿ. ಅಲ್ಲಿ ಪರಿಚಯವಾದವನು ಲೆಸೋಥೊ ದೇಶದ ವಿದ್ಯಾರ್ಥಿ. ಚಿಲ್ಲರೆ ಹುಡುಕುವಾಗ ಅವನ ಪರ್ಸಿನಿಂದ ಒಂದು ನೋಟು ಜಾರಿತು. ನಾನು ಎತ್ತಿಕೊಟ್ಟೆ. "ಇದು ನಮ್ಮೂರ ದುಡ್ಡು, ಲೋಟಿ" ಎಂದ.

ಲೆಸೋಥೊ ನಾಲ್ಕೂ ಕಡೆ ದಕ್ಷಿಣ ಆಫ್ರಿಕಾದಿಂದ ಸುತ್ತುವರಿದ ಪುಟ್ಟ ದೇಶ. 1980ರಲ್ಲಿ ಅದಕ್ಕೆ ತನ್ನದೇ ನಾಣ್ಯ ಬಂತು. ಒಂದು ಲೋಟಿಗೆ ಒಂದು ರ‍್ಯಾಂಡ್, ಸರಿಸಮ. ಆದರೆ ರ‍್ಯಾಂಡ್ ಅವರ ದೇಶದಲ್ಲಿ ನಡೆಯುತ್ತದೆ, ಅವರ ಲೋಟಿಗೆ ಗಡಿಯಾಚೆ ಕಾನೂನಿನ ಮಾನ್ಯತೆ ಇಲ್ಲ. ಅವನು ಹೇಳುತ್ತಿದ್ದರೆ ನನಗೆ ರಾಯಚೂರಿನ ಅಜ್ಜಿ ನೆನಪಾದಳು.

"ಹಾಲಿ ನಮ್ದು, ಕಲ್ದಾರ ಇಂಗ್ರೇಜಿದು. ಹೊಳಿ ದಾಟಿ ಮಂತ್ರಾಲಯಕ್ಕ ಹೋಗಬೇಕಂದ್ರ ಹಾಲಿ ಕೊಟ್ಟು ಕಲ್ದಾರ ತಗೋಬೇಕಿತ್ತು" ಎನ್ನುತ್ತಿದ್ದಳು. ತುಂಗಭದ್ರೆಯ ಈಚೆ ನಿಜಾಮರ ರಾಜ್ಯ, ಆಚೆ ಮದ್ರಾಸು. ಏಳು ಹಾಲಿಗೆ ಆರು ಕಲ್ದಾರ. ಅಂದರೆ ನೂರು ಕಲ್ದಾರಕ್ಕೆ ನೂರಾ ಹದಿನಾರು ಹಾಲಿ, ಹತ್ತಾಣೆ, ಎಂಟು ಪೈ. ಶಾಲೆಗೆ ಹೋಗದ ಅಜ್ಜಿ ಈ ಲೆಕ್ಕವನ್ನು ಬೆರಳ ಗೆಣ್ಣಿನ ಮೇಲೆ ಮಾಡುತ್ತಿದ್ದಳು.

ನಿಜಾಮರ ಕಾಗದದ ನೋಟು ಬಂದದ್ದು 1918ರಲ್ಲಿ. ನಾವು ನಿಂತಿದ್ದ ರಸ್ತೆಯ ಆಚೆಗಿರುವ ಉಸ್ಮಾನಿಯಾ ವಿಶ್ವವಿದ್ಯಾಲಯ ಹುಟ್ಟಿದ್ದೂ ಅದೇ ವರ್ಷ. ದುಡ್ಡಿನ ಹೆಸರೂ 'ಉಸ್ಮಾನಿಯಾ ಸಿಕ್ಕಾ'ನೇ. ಉರ್ದುವಿನ ಜೊತೆಗೆ ನೋಟಿನ ಮೇಲೆ ಮರಾಠಿ, ತೆಲುಗು, ಕನ್ನಡ, ಇಂಗ್ಲಿಷ್ ಇರುತ್ತಿದ್ದವು. ಬೀದರ, ಕಲಬುರ್ಗಿ, ರಾಯಚೂರಿನವರು ಅಕ್ಷರ ಬಲ್ಲವರಾಗಿದ್ದರೆ ತಮ್ಮ ದುಡ್ಡನ್ನು ತಮ್ಮ ನುಡಿಯಲ್ಲೇ ಓದಬಹುದಿತ್ತು. 1942ರಲ್ಲಿ ಗನ್‌ಫೌಂಡ್ರಿಯಲ್ಲಿ ಹೈದರಾಬಾದ್ ಸ್ಟೇಟ್ ಬ್ಯಾಂಕಿನ ಮೊದಲ ಶಾಖೆ ತೆರೆಯಿತು.

1948ರಲ್ಲಿ ರಾಜ್ಯ ಭಾರತಕ್ಕೆ ಸೇರಿತು. 1950ರಿಂದ ಎರಡೂ ರೂಪಾಯಿ ಜೊತೆಗೇ ಓಡಾಡಿದವು. ಮರುವರ್ಷ ಹಾಲಿ ಹೊರಡಿಸುವುದು ನಿಂತಿತು, 1959ರಲ್ಲಿ ಪೂರಾ ರದ್ದಾಯಿತು. ಹೆಸರು ಬದಲಾಯಿಸಿಕೊಂಡ ಬ್ಯಾಂಕು ಮಾತ್ರ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಆಗಿ 2017ರವರೆಗೆ ಬಾಳಿತು. ಆ ವರ್ಷದ ಏಪ್ರಿಲ್ 1ರಂದು ನಮ್ಮ ಮೈಸೂರು ಬ್ಯಾಂಕಿನ ಜೊತೆಯಲ್ಲೇ ಎಸ್‌ಬಿಐಯಲ್ಲಿ ಕರಗಿತು.

ಅಜ್ಜಿ ಮಂತ್ರಾಲಯದ ಹರಕೆಗೆಂದು ಹತ್ತು ರೂಪಾಯಿಯ ಒಂದು ಹಾಲಿ ನೋಟನ್ನು ಟ್ರಂಕಿನ ತಳದಲ್ಲಿ, ಸೀರೆಯ ಮಡಿಕೆಯೊಳಗೆ ಬಚ್ಚಿಟ್ಟಿದ್ದಳು. ಅಜ್ಜನಿಗೂ ಹೇಳಿರಲಿಲ್ಲ. ಹೇಳಿದ್ದರೆ ಖರ್ಚಾಗುತ್ತಿತ್ತು. ಅವಧಿ ಮುಗಿದ ಮೇಲೆ ಹೊರಗೆ ತೆಗೆದಳು. ಬದಲಾಯಿಸಿದ್ದರೆ ಎಂಟು ರೂಪಾಯಿ ಒಂಬತ್ತಾಣೆ ಬರುತ್ತಿತ್ತು. ಹರಕೆಯನ್ನು ಆಮೇಲೆ ಹಾಲು ಮಾರಿ ತೀರಿಸಿದಳು. ನೋಟನ್ನು ಮಾತ್ರ ಹರಿಯಲಿಲ್ಲ. ಈಗ ಅದು ಹಬ್ಸಿಗುಡದ ನನ್ನ ಮನೆಯ ಬೀರುವಿನಲ್ಲಿದೆ.

ಇದನ್ನೆಲ್ಲ ಹೇಳಿದಾಗ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಅವನ ಅಜ್ಜನೂ ಗಡಿಯಾಚೆ ಗಣಿಯಲ್ಲಿ ದುಡಿದು ರ‍್ಯಾಂಡ್ ಕಳಿಸುತ್ತಿದ್ದನಂತೆ. "ಇಲ್ಲಿ ಇದಕ್ಕೆ ಒಂದು ಚಹಾ ಕೂಡ ಸಿಗಲ್ಲ. ಆದರೆ ಊರಲ್ಲಿ ಇಳಿದ ಕೂಡಲೇ ಮನೆಗೆ ಹೋಗುವ ಟ್ಯಾಕ್ಸಿಗೆ ಆಗುತ್ತೆ" ಎಂದು ಲೋಟಿಯನ್ನು ಮತ್ತೆ ಪರ್ಸಿಗೆ ಸೇರಿಸಿದ.

'ತಾರ್ನಾಕ'ದ ಕೊನೆಗಿರುವ ನಾಕಾ ಎಂದರೆ ಸುಂಕದ ಕಟ್ಟೆ. ಕಟ್ಟೆ ಕಾಣಲಿಲ್ಲ. ಇಬ್ಬರೂ ಚಹಾ ಕುಡಿದೆವು, ದುಡ್ಡನ್ನು ನಾನು ಫೋನಿನಲ್ಲಿ ಕಳಿಸಿದೆ.